ಹಲ್ಲಿನ ಕ್ಲಿಪ್: ತಡೆದುಕೊಳ್ಳಬೇಕಾದ ನೋವು ಯಾವುದು, ತಡೆಯಬಾರದ್ದು ಯಾವುದು?

ಹಲ್ಲಿಗೆ ಕ್ಲಿಪ್ ಹಾಕುವಾಗ ವೈದ್ಯರ ಕುರ್ಚಿಯಲ್ಲಿ ಹೆಚ್ಚೇನೂ ನೋಯುವುದಿಲ್ಲ. ಮಕ್ಕಳು ನಗುನಗುತ್ತಲೇ ಮನೆಗೆ ಬರುತ್ತಾರೆ. ನೋವು ಶುರುವಾಗುವುದು ನಾಲ್ಕಾರು ಗಂಟೆ ಕಳೆದ ಮೇಲೆ, ಹೆಚ್ಚಾಗಿ ರಾತ್ರಿ ಊಟಕ್ಕೆ ಕೂತಾಗ. ಚಪಾತಿ ಕಚ್ಚಲು ಹೋದರೆ ಅಷ್ಟೂ ಹಲ್ಲು ಒಟ್ಟಿಗೆ ಜುಮ್ಮೆನ್ನುತ್ತವೆ. ಮರುದಿನ ಇನ್ನೂ ಹೆಚ್ಚು. ಏನೋ ಎಡವಟ್ಟಾಗಿದೆ ಎಂದು ಅಪ್ಪ ಅಮ್ಮ ಗಾಬರಿ ಬೀಳುವುದು ಆಗಲೇ.

ಎಡವಟ್ಟೇನೂ ಆಗಿರುವುದಿಲ್ಲ. ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವೊಂದಿದೆ. ತಂತಿ ಎಳೆದಾಗ ಹಲ್ಲಿನ ಒಂದು ಬದಿಯಲ್ಲಿ ಈ ಪದರ ಅದುಮಿಕೊಂಡು, ಆ ಕಡೆಯ ಮೂಳೆ ಕರಗುತ್ತದೆ. ಇನ್ನೊಂದು ಬದಿಯಲ್ಲಿ ಹೊಸ ಮೂಳೆ ಕಟ್ಟುತ್ತದೆ. ಹಲ್ಲು ಸರಿಯುವುದೇ ಹೀಗೆ, ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಂತೆ. ಆ ಅದುಮುವಿಕೆಯ ನೋವು ಸಾಮಾನ್ಯವಾಗಿ ಒಂದು ದಿನಕ್ಕೆ ಹೆಚ್ಚಾಗಿ, ವಾರದೊಳಗೆ ಇಳಿಯುತ್ತದೆ. ತಂತಿ ಬಿಗಿ ಮಾಡಿಸಿದಾಗಲೆಲ್ಲ ಒಂದೆರಡು ದಿನ ಮತ್ತೆ ಬರುತ್ತದೆ. ಇದು ತಡೆದುಕೊಳ್ಳಬೇಕಾದ ನೋವು. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಕೊಡಬಹುದು, ತಣ್ಣೀರು ಬಾಯಲ್ಲಿಟ್ಟುಕೊಂಡರೆ ಹಾಯೆನಿಸುತ್ತದೆ. ಮನೆಯ ಹಿರಿಯರು ಹೇಳುವ ಲವಂಗದ ಎಣ್ಣೆ ಬೇಡ, ಒಸಡು ಸುಡುತ್ತದೆ. ಊಟಕ್ಕೆ ಮೊಸರನ್ನ, ಗಂಜಿ, ಸಾಂಬಾರಿನಲ್ಲಿ ನೆನೆದ ಇಡ್ಲಿ ಸಾಕು. ಮುದ್ದೆ ಉಣ್ಣುವ ಮನೆಗಳಿಗಂತೂ ಚಿಂತೆಯೇ ಇಲ್ಲ, ಅದನ್ನು ಅಗಿಯುವ ಕೆಲಸವೇ ಇರುವುದಿಲ್ಲವಲ್ಲ.

ಇನ್ನೊಂದು ಬಗೆಯ ನೋವಿದೆ. ಕ್ಲಿಪ್ಪಿನ ಮೂಲೆ ಕೆನ್ನೆಯ ಒಳಭಾಗಕ್ಕೆ ಉಜ್ಜಿ ಹುಣ್ಣಾಗುವುದು, ತಂತಿಯ ತುದಿ ಚುಚ್ಚುವುದು. ಇದನ್ನು ಸಹಿಸಿಕೊಂಡ ಮಾತ್ರಕ್ಕೆ ಹಲ್ಲು ಬೇಗ ಸರಿಯಾಗುವುದಿಲ್ಲ; ಸಹಿಸುವ ಅಗತ್ಯವೂ ಇಲ್ಲ. ಹೆಣ್ಣುಮಕ್ಕಳಿಗಂತೂ ‘ಚಂದ ಕಾಣಬೇಕಂದ್ರೆ ತಡ್ಕೋಬೇಕಮ್ಮ’ ಎಂದು ಬಾಯಿ ಮುಚ್ಚಿಸುವವರು ಎಷ್ಟು ಮಂದಿ! ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೊದಲು ಮಗುವಿನ ಬಾಯಿ ತೆರೆಸಿ, ಟಾರ್ಚ್ ಹಿಡಿದು ನೋಡಿ.

ಹುಣ್ಣಿಗೆ ಒಳ್ಳೆಯ ಉಪಾಯ ಮೇಣ. ಕ್ಲಿಪ್ಪಿಗೆಂದೇ ಬರುವ ಈ ಮೇಣ ಔಷಧಿ ಅಂಗಡಿಗಳಲ್ಲೂ ಸಿಗುತ್ತದೆ. ಅಂಟುವುದೇ ಇಲ್ಲ ಎಂದು ಬಿಸಾಡುವವರೇ ಹೆಚ್ಚು, ಏಕೆಂದರೆ ಒದ್ದೆ ಲೋಹದ ಮೇಲೆ ಅದು ನಿಲ್ಲುವುದಿಲ್ಲ. ಹಲ್ಲುಜ್ಜಿ, ಉಜ್ಜುತ್ತಿರುವ ಕ್ಲಿಪ್ಪನ್ನು ಹತ್ತಿಯಿಂದ ಚೆನ್ನಾಗಿ ಒರೆಸಬೇಕು. ಬಟಾಣಿ ಕಾಳಿನಷ್ಟು ಮೇಣವನ್ನು ಬೆರಳ ನಡುವೆ ಹೊಸೆದು, ಮೆದುವಾದ ಮೇಲೆ ಕ್ಲಿಪ್ಪಿನ ಮೇಲಿಟ್ಟು ಒತ್ತಬೇಕು. ತುಟಿ ಮುಚ್ಚಿದಾಗ ಲೋಹ ತಗುಲದೆ ನುಣ್ಣಗೆ ಅನಿಸಿದರೆ ಸರಿಯಾಗಿ ಕೂತಿದೆ ಎಂದರ್ಥ. ಊಟಕ್ಕೆ ಮೊದಲು ತೆಗೆದು, ಆಮೇಲೆ ಹೊಸದು ಹಾಕಬೇಕು. ಅಕಸ್ಮಾತ್ ನುಂಗಿದರೂ ಭಯವಿಲ್ಲ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರ್ನಾಲ್ಕು ಸಲ ಮುಕ್ಕಳಿಸಿದರೆ ಹುಣ್ಣು ಬೇಗ ಮಾಯುತ್ತದೆ.

ಚುಚ್ಚುವ ತಂತಿಯನ್ನು ಪೆನ್ಸಿಲ್ ತುದಿಯ ಶುಭ್ರವಾದ ರಬ್ಬರಿನಿಂದ ಮೆಲ್ಲಗೆ ಹಲ್ಲಿನ ಕಡೆಗೆ ಬಾಗಿಸಬಹುದು. ಬಾಗದಿದ್ದರೆ ಮೇಣ ಮುಚ್ಚಿ ವೈದ್ಯರಿಗೆ ಫೋನ್ ಮಾಡಿ. ಮನೆಯ ಕಟಿಂಗ್ ಪ್ಲೇಯರ್ ದಯವಿಟ್ಟು ಬೇಡ, ಕತ್ತರಿಸಿದ ತುಂಡು ಗಂಟಲಿಗೆ ಇಳಿಯಬಹುದು.

ಕ್ಲಿಪ್ ಕಿತ್ತುಬರುವುದಕ್ಕೆ ಬಹುಪಾಲು ಕಾರಣ ತಿಂಡಿ: ನಿಪ್ಪಟ್ಟು, ಚಕ್ಕುಲಿ, ಕಬ್ಬು, ಚಿಕ್ಕಿ, ಖಡಕ್ ರೊಟ್ಟಿ, ಸಂಕ್ರಾಂತಿಯ ಸಕ್ಕರೆ ಅಚ್ಚು. ಸೀಬೆಹಣ್ಣನ್ನು ಬಿಡಬೇಕಿಲ್ಲ, ತೆಳುವಾಗಿ ಹೆಚ್ಚಿಕೊಟ್ಟರಾಯಿತು. ಆದರೆ ಪಾವಗಡ, ಕೋಲಾರದ ಕಡೆಯ ಮಕ್ಕಳನ್ನು ಬೈಯುವ ಮುನ್ನ ಒಂದು ಮಾತು. ಅಲ್ಲಿನ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಕಲೆಗಟ್ಟಿದ ಹಲ್ಲಿಗೆ ಕ್ಲಿಪ್ಪಿನ ಅಂಟು ಸರಿಯಾಗಿ ಹಿಡಿಯದೆ ಹೋಗಬಹುದು. ಪದೇ ಪದೇ ಬಿಚ್ಚಿಕೊಂಡರೆ ತಪ್ಪು ಮಗುವಿನದೇ ಎಂದುಕೊಳ್ಳಬೇಡಿ.

ನೋವಿಗಿಂತ ದೊಡ್ಡ ಹಾನಿ ಸದ್ದಿಲ್ಲದೆ ಆಗುತ್ತದೆ. ಕ್ಲಿಪ್ಪಿನ ಸುತ್ತ ಅನ್ನದಗುಳು ನಿಂತು, ಆಮ್ಲವಾಗಿ, ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ ಮೂಡುತ್ತದೆ. ಕ್ಲಿಪ್ ತೆಗೆದ ದಿನ ಹಲ್ಲು ನೇರವಾಗಿದ್ದರೂ ಆ ಮಚ್ಚೆ ಉಳಿಯುತ್ತದೆ. ಪ್ರತಿ ಊಟದ ನಂತರ ಫ್ಲೋರೈಡ್ ಪೇಸ್ಟ್‌ನಿಂದ ಉಜ್ಜಿ, ತಂತಿಯ ಕೆಳಗೆ ಸಣ್ಣ ಬ್ರಷ್ ಆಡಿಸುವುದನ್ನು ಬಿಡುವಂತಿಲ್ಲ. ಸಾಂಬಾರಿನ ಅರಿಸಿನಕ್ಕೆ ಕ್ಲಿಪ್ಪಿನ ಬಣ್ಣವಿಲ್ಲದ ರಬ್ಬರ್ ಉಂಗುರ ಹಳದಿಯಾದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಮುಂದಿನ ಭೇಟಿಯಲ್ಲಿ ಬದಲಾಯಿಸುತ್ತಾರೆ.

ಮುಖ ಊದಿಕೊಂಡರೆ, ಜ್ವರ ಬಂದರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಮುಂದಿನ ತಾರೀಖಿನವರೆಗೆ ಕಾಯಬೇಡಿ. ಕ್ಲಿಪ್ ಹಾಕಿಸುವ ದಿನವೇ ವೈದ್ಯರನ್ನು ಕೇಳಿ ಮೇಣದ ಡಬ್ಬಿ ಮತ್ತು ತುರ್ತಿಗೆ ಸಿಗುವ ಫೋನ್ ನಂಬರ್ ಪಡೆದುಕೊಳ್ಳಿ. ಮೇಣದ ಒಂದು ತುಂಡು ಶಾಲೆಯ ಬ್ಯಾಗಿನಲ್ಲೂ ಇರಲಿ.