ಅಂಗಳದಲ್ಲಿ ಬಿದ್ದ ನೂರೈವತ್ತು ಗ್ರಾಂ

ಹಳದೀಪುರದ ಕಡೆ ಬೆಳಗಿನ ಅಂಗಳಕ್ಕೆ ಒಂದು ಕ್ರಮ ಇದೆ. ಗುಡಿಸಿ, ನೀರು ಚಿಮುಕಿಸಿ, ತುಳಸಿಕಟ್ಟೆಯ ಎದುರು ನಾಲ್ಕು ಗೆರೆ ರಂಗೋಲಿ ಎಳೆದರೆ ದಿನ ಶುರು. ಆ ಅಂಗಳದ ನಡುವೆಯೇ ಆಚೆಮನೆಯ ನಾಯಿ ಹೊಲಸು ಮಾಡಿ ಹೋಗಿದ್ದರೆ ಮನೆಯವರ ಮುಖ ಕೆಡುತ್ತದೆ. ಒಂದಿಷ್ಟು ಬೂದಿ ಹಾಕಿ, ಅಡಿಕೆ ಹಾಳೆಯ ತುಂಡಿನಲ್ಲಿ ಬಾಚಿ, ಬೇಲಿಯಾಚೆ ಎಸೆದು, ನಾಯಿಗೂ ಅದರ ಯಜಮಾನರಿಗೂ ಸೇರಿಸಿ ನಾಲ್ಕು ಮಾತು ಬೈದರೆ ಮುಗಿಯಿತು. ಹೇಸಿಗೆಯ ವಿಷಯ, ಬಾಯಲ್ಲಿ ಹೆಚ್ಚು ಆಡುವಂಥದ್ದಲ್ಲ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಅದರ ಲೆಕ್ಕ ಹಾಕಿ ನೋಡಿದ ಮೇಲೆ ಸುಮ್ಮನಿರಲು ನನಗೆ ಆಗುತ್ತಿಲ್ಲ.

ಮೊದಲು ತೂಕ. ಅಮೆರಿಕದಲ್ಲಿ ಒಂದು ನಾಯಿಗೆ ದಿನಕ್ಕೆ ಮುಕ್ಕಾಲು ಪೌಂಡ್, ಅಂದರೆ 340 ಗ್ರಾಂ ಮಲ ಎಂದು ಲೆಕ್ಕ ಹಿಡಿಯುತ್ತಾರೆ. ಅಲ್ಲಿಯ ನಾಯಿಗಳು ದೊಡ್ಡವು, ತಿನ್ನುವುದೂ ಹೆಚ್ಚು. ನಮ್ಮ ಕರಾವಳಿಯ ಊರುನಾಯಿ ಹತ್ತು ಹದಿನೈದು ಕಿಲೋ ತೂಗುವ ಸಣಕಲು ಪ್ರಾಣಿ. ಅದಕ್ಕೆ ಅರ್ಧಕ್ಕಿಂತ ಕಡಿಮೆ, ದಿನಕ್ಕೆ 150 ಗ್ರಾಂ ಹಿಡಿಯೋಣ. ಒಂದು ಹಿಡಿಯಷ್ಟು. ವರ್ಷಕ್ಕೆ ಸುಮಾರು 55 ಕಿಲೋ, ಒಂದು ಸಿಮೆಂಟು ಚೀಲಕ್ಕಿಂತ ಭಾರ. ಇಷ್ಟರಲ್ಲಿ ಬೆರಗೇನೂ ಇಲ್ಲ. ಬೆರಗು ಇರುವುದು ಅದರೊಳಗಿನ ಜೀವಗಳ ಎಣಿಕೆಯಲ್ಲಿ.

ನೀರಿನ ಮಾಲಿನ್ಯ ಅಳೆಯುವವರು ಪ್ರಾಣಿಗಳ ಕರುಳಲ್ಲಿ ವಾಸಿಸುವ ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ ಗುಂಪನ್ನು ಎಣಿಸುತ್ತಾರೆ. ಅವುಗಳಲ್ಲಿ ಹೆಚ್ಚಿನವು ತಾವಾಗಿ ರೋಗ ತರುವುದಿಲ್ಲ. ಆದರೆ ಅವು ಸಿಕ್ಕಿದ ನೀರಿಗೆ ಮಲ ಸೇರಿದೆ, ಮಲದ ಜೊತೆ ಬರುವ ರೋಗಾಣುಗಳಿಗೂ ದಾರಿ ತೆರೆದಿದೆ ಎಂದು ಅರ್ಥ. ನಾಯಿಯ ಮಲದ ಒಂದೇ ಒಂದು ಗ್ರಾಮಿನಲ್ಲಿ ಇವು ಸುಮಾರು 2 ಕೋಟಿ 30 ಲಕ್ಷ ಇರುತ್ತವೆ. ನಮ್ಮ 150 ಗ್ರಾಮಿಗೆ ಗುಣಿಸಿದರೆ 345 ಕೋಟಿ. ಭಾರತದ ಜನಸಂಖ್ಯೆಯ ಎರಡು ಪಟ್ಟಿಗೂ ಮಿಕ್ಕಿತು. ಕೇರಿಯಲ್ಲಿ ಮೂರು ನಾಯಿ ಇದ್ದರೆ ಒಂದು ಬೆಳಗಿನ ಲೆಕ್ಕ ಸಾವಿರ ಕೋಟಿ ದಾಟುತ್ತದೆ. ಇಡೀ ಭೂಮಿಯ ಮನುಷ್ಯರ ಸಂಖ್ಯೆ 800 ಕೋಟಿ ಮುಟ್ಟಲು 2022ರ ನವೆಂಬರ್ ಬರಬೇಕಾಯಿತು.

ಈಗ ಕೊಟ್ಟಿಗೆಯ ಕಡೆ ನೋಡಿ. ಸಗಣಿ ಸಾರಿಸಿ ಬೆಳೆದವರು ನಾವು. ಹಸು ದಿನಕ್ಕೆ ಬುಟ್ಟಿಗಟ್ಟಲೆ ಹಾಕುತ್ತದೆ, ಅದನ್ನು ಕೈಯಲ್ಲೇ ಬಾಚುತ್ತೇವೆ. ಹಾಗಿದ್ದರೆ ನಾಯಿಯದಕ್ಕೆ ಮಾತ್ರ ಏಕಿಷ್ಟು ರಂಪ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಉತ್ತರ ಅಂಕಿಯಲ್ಲಿದೆ: ಹಸುವಿನ ಸಗಣಿಯ ಒಂದು ಗ್ರಾಮಿನಲ್ಲಿ ಇದೇ ಬ್ಯಾಕ್ಟೀರಿಯಾ ಸುಮಾರು 2 ಲಕ್ಷ 30 ಸಾವಿರ. ಮನುಷ್ಯನದರಲ್ಲಿ 1 ಕೋಟಿ 30 ಲಕ್ಷ. ನಾಯಿಯದು ಮನುಷ್ಯನದನ್ನೂ ಮೀರಿತು. ಸಗಣಿಗಿಂತ ಸರಿಯಾಗಿ ನೂರು ಪಟ್ಟು. ಹಾಗಾಗಿ ಅಂಗಳದ 150 ಗ್ರಾಂ ಎಂದರೆ 15 ಕಿಲೋ ಸಗಣಿಗೆ ಸಮ. ಒಂದು ಹಸು ಇಡೀ ದಿನ ಹಾಕುವಷ್ಟು. ಹಸುವಿನದು ಕೊಟ್ಟಿಗೆಯಿಂದ ಗೊಬ್ಬರಗುಂಡಿಗೆ ಹೋಗಿ ತಿಂಗಳುಗಟ್ಟಲೆ ಕೊಳೆತು, ಬಿಸಿಯೇರಿ, ಆಮೇಲೆ ತೋಟಕ್ಕೆ ಇಳಿಯುತ್ತದೆ. ನಾಯಿಯದು ಬಸಳೆ ಚಪ್ಪರದ ಬುಡಕ್ಕೆ, ಬಾವಿಕಟ್ಟೆಯ ಪಕ್ಕಕ್ಕೆ, ಮಗು ಆಡುವ ಮರಳಿಗೆ ಹಸಿಯಾಗಿಯೇ ಬೀಳುತ್ತದೆ.

ಬಾವಿಯ ಮಾತು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಹೊನ್ನಾವರ ತಾಲೂಕಿನ ಈ ಭಾಗದಲ್ಲಿ ಮನೆಗೊಂದು ಬಾವಿ ಎನ್ನುವುದು ಉತ್ಪ್ರೇಕ್ಷೆಯಲ್ಲ. ಹತ್ತು ಅಡಿ ಅಗಲದ ದುಂಡು ಬಾವಿ, ಆಷಾಢದಲ್ಲಿ ಅದರಲ್ಲಿ ಹತ್ತು ಅಡಿ ನೀರು ಎಂದಿಟ್ಟುಕೊಳ್ಳಿ. ಸುಮಾರು 22 ಸಾವಿರ ಲೀಟರ್ ಆಯಿತು. ಅದಕ್ಕೆ ಒಂದು ಗ್ರಾಂ ನಾಯಿಮಲ ತೊಳೆದು ಬಂದು ಪೂರ್ತಿ ಬೆರೆತರೆ, ಪ್ರತಿ 100 ಮಿಲಿಲೀಟರಿನಲ್ಲಿ, ಅಂದರೆ ಅರ್ಧ ಲೋಟ ನೀರಿನಲ್ಲಿ, ನೂರಕ್ಕೂ ಮೇಲೆ ಕೋಲಿಫಾರ್ಮ್ ಸಿಗುತ್ತವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಇಟ್ಟ ಮಿತಿ ಎಷ್ಟು? ಮಲಮೂಲದ ಇಂಥ ಬ್ಯಾಕ್ಟೀರಿಯಾ 100 ಮಿಲಿಲೀಟರಿನಲ್ಲಿ ಒಂದೂ ಕಾಣಬಾರದು. ಒಂದು ಕಡಲೆಬೀಜದಷ್ಟು ಹೊಲಸು ಸಾಕು, 22 ಸಾವಿರ ಲೀಟರ್ ನೀರು ಆ ಪರೀಕ್ಷೆಯಲ್ಲಿ ಬೀಳಲು.

ಮಣ್ಣು ಸೋಸುತ್ತದೆ, ನಿಜ. ಬಿಸಿಲು ಕೊಲ್ಲುತ್ತದೆ, ಅದೂ ನಿಜ. ಫೆಬ್ರವರಿಯ ಸುಡುಬಿಸಿಲಿನಲ್ಲಿ ಬಿದ್ದದ್ದು ಎರಡು ದಿನದಲ್ಲಿ ಒಣಗಿ ಪುಡಿಯಾಗುತ್ತದೆ. ಜೂನ್ ಬಂದ ಮೇಲೆ ಬಿಸಿಲೆಲ್ಲಿ? ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಹೆಚ್ಚು ಕಡಿಮೆ ಎಲ್ಲವೂ ನಾಲ್ಕು ತಿಂಗಳಲ್ಲಿ. ಐದು ಗುಂಟೆ ಹಿತ್ತಲಿನ ಮೇಲೆ ಬೀಳುವ ನೀರು 15 ಲಕ್ಷ ಲೀಟರ್. ಮೇಲೆ ಹೇಳಿದಂಥ ಬಾವಿಯನ್ನು ಅರವತ್ತೆಂಟು ಸಲ ತುಂಬಬಹುದು. ಅಷ್ಟು ನೀರು ಆ ನೆಲವನ್ನು ತೊಳೆದುಕೊಂಡೇ ಇಳಿಯಬೇಕು. ಕೆಳಗಿರುವುದು ತೂತು ತೂತಾದ ಚಿರೆಕಲ್ಲು ಅಥವಾ ಸಡಿಲ ಮರಳು. ಕಟ್ಟೆ ಎತ್ತರವಿಲ್ಲದ, ಸುತ್ತ ಗಿಲಾವು ಬಿರುಕುಬಿಟ್ಟ ಬಾವಿಗೆ ಅಂಗಳದ ನೀರು ನೇರವಾಗಿಯೇ ಜಿನುಗುತ್ತದೆ.

ಬಾವಿಗೆ ಹೋಗದ್ದು ತೋಡು ಹಿಡಿದು ಹೊಳೆಗೆ, ಹೊಳೆಯಿಂದ ಅಳಿವೆಗೆ ಹೋಗುತ್ತದೆ. ನಮ್ಮದು ಎರಡು ಅಳಿವೆಗಳ ನಡುವಿನ ಊರು: ತೆಂಕಕ್ಕೆ ಶರಾವತಿ, ಬಡಗಕ್ಕೆ ಅಘನಾಶಿನಿ. ಶರಾವತಿ ದಾಟಿದರೆ ಸಿಗುವ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಸ್ವಚ್ಛ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು, ದೇಶದಲ್ಲಿ ಮೊದಲ ಸಲಕ್ಕೆ ಅದನ್ನು ಪಡೆದ ಎಂಟು ತೀರಗಳಲ್ಲಿ ಒಂದಾಗಿ. ಆ ಬಾವುಟ ಹಾರಬೇಕಾದರೆ ನೀರಿನಲ್ಲಿ ಕೋಲಿಫಾರ್ಮ್ ಗುಂಪಿನದೇ ಆದ ಇ. ಕೋಲಿ 100 ಮಿಲಿಲೀಟರಿಗೆ 250 ದಾಟಕೂಡದು. ತೀರಕ್ಕೆ ನಾಯಿಗಳ ಪ್ರವೇಶವನ್ನು ಕಟ್ಟುನಿಟ್ಟಾಗಿ ನಿಯಂತ್ರಿಸಬೇಕೆಂಬ ಷರತ್ತೂ ಅದರಲ್ಲಿದೆ. ಏಕೆಂದು ಲೆಕ್ಕವೇ ಹೇಳುತ್ತದೆ. ಒಂದು ಗ್ರಾಂ ನಾಯಿಮಲ 9,200 ಲೀಟರ್ ನೀರನ್ನು ಆ ಗಡಿಯ ತನಕ ಒಯ್ಯಬಲ್ಲದು. ಒಂದು ನಾಯಿಯ ಎರಡು ದಿನದ ಹೊಲಸಿಗೆ ಒಂದು ಒಲಿಂಪಿಕ್ ಈಜುಕೊಳದ 25 ಲಕ್ಷ ಲೀಟರ್ ಸಾಲುವುದಿಲ್ಲ. ಅಘನಾಶಿನಿಯಲ್ಲಿ ವರ್ಷಕ್ಕೆ 22 ಸಾವಿರ ಟನ್ ಚಿಪ್ಪುಜೀವಿ ಸಿಗುತ್ತಿತ್ತೆಂದು ಭಾರತೀಯ ವಿಜ್ಞಾನ ಸಂಸ್ಥೆಯವರು ಹಿಂದೊಮ್ಮೆ ಅಂದಾಜಿಸಿದ್ದರು. ಇಂಥ ಚಿಪ್ಪುಜೀವಿಯಾದ ಬಳಚು ನೀರನ್ನು ಸೋಸಿಯೇ ಬದುಕುವ ಜೀವ. ನೀರಿನಲ್ಲಿ ಇದ್ದದ್ದು ಅದರ ಮೈಯಲ್ಲೂ ನಿಲ್ಲುತ್ತದೆ. ನೂರು ನಾಯಿಗಳ ಎರಡು ಮೂರು ದಿನದ ಮಲ ಒಂದು ಸಣ್ಣ ಕೊಲ್ಲಿಯಲ್ಲಿ ಈಜನ್ನೂ ಚಿಪ್ಪು ಹಿಡಿಯುವುದನ್ನೂ ತಾತ್ಕಾಲಿಕವಾಗಿ ನಿಲ್ಲಿಸುವಷ್ಟು ಬ್ಯಾಕ್ಟೀರಿಯಾ ತರಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲೇ ಹೇಳಿತ್ತು.

ಬ್ಯಾಕ್ಟೀರಿಯಾ ಬಿಟ್ಟು ಹುಳುಗಳ ಕಡೆ ಬಂದರೆ ನನಗೆ ನಿಜವಾಗಿ ಭಯವಾಗುತ್ತದೆ. ಟಾಕ್ಸೊಕ್ಯಾರಾ ಎಂಬ ದುಂಡುಹುಳು ನಾಯಿಯ ಕರುಳಲ್ಲಿರುತ್ತದೆ. ಮರಿಗಳಿಗೆ ತಾಯಿಯ ಗರ್ಭದಲ್ಲೇ ಅಂಟುತ್ತದೆ. ಒಂದು ಹೆಣ್ಣುಹುಳು ದಿನಕ್ಕೆ ಲಕ್ಷ, ಕೆಲವೊಮ್ಮೆ ಎರಡು ಲಕ್ಷ ಮೊಟ್ಟೆ ಇಡುತ್ತದೆ. ಮೊಟ್ಟೆಯ ಅಗಲ ಮಿಲಿಮೀಟರಿನ ಹನ್ನೆರಡನೇ ಒಂದು ಪಾಲು, ಕಣ್ಣಿಗೆ ಕಾಣುವುದಿಲ್ಲ. ನೆಲಕ್ಕೆ ಬಿದ್ದ ಕೂಡಲೇ ಅದು ಅಂಟುವುದಿಲ್ಲ. ಎರಡರಿಂದ ನಾಲ್ಕು ವಾರ ತೇವ ಮಣ್ಣಿನಲ್ಲಿ ಬಲಿಯಬೇಕು. ಬಲಿತ ಮೇಲೆ ವರ್ಷಗಳ ಕಾಲ ಜೀವ ಹಿಡಿದುಕೊಂಡಿರುತ್ತದೆ. ಮಣ್ಣಾಡಿದ ಕೈ ಬಾಯಿಗಿಟ್ಟ ಮಗುವಿನ ಹೊಟ್ಟೆ ಸೇರಿದರೆ ಮರಿಹುಳು ಯಕೃತ್ತಿಗೆ, ಶ್ವಾಸಕೋಶಕ್ಕೆ ಅಲೆಯುತ್ತದೆ. ಅಪರೂಪಕ್ಕೆ ಕಣ್ಣಿಗೂ ಹೋಗಿ ದೃಷ್ಟಿ ಕಳೆಯುತ್ತದೆ. ಕೊಕ್ಕೆಹುಳುವಿಗೆ ಬಾಯಿಯೂ ಬೇಡ, ಬರಿಗಾಲು ಸಾಕು. ಅದರ ಮರಿ ಅಂಗಾಲಿನ ಚರ್ಮ ಕೊರೆದು ಒಳಹೊಕ್ಕು ಅಂಕುಡೊಂಕು ಗೆರೆ ಎಳೆಯುತ್ತಾ ಸಾಗುತ್ತದೆ, ತುರಿಕೆಗೆ ನಿದ್ದೆ ಬರುವುದಿಲ್ಲ. ಅಸ್ಸಾಮಿನ ಚಹಾತೋಟಗಳ ನಾಯಿಗಳನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನೂರಕ್ಕೆ 94 ನಾಯಿಗಳಲ್ಲಿ ಕೊಕ್ಕೆಹುಳು ಇತ್ತು. ಅಂಗಳದಲ್ಲಿ ಚಪ್ಪಲಿ ಹಾಕಿ ಓಡಾಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಮನೆಯಲ್ಲಿದೆ?

ಇದನ್ನು ಊರಿನಾಚೆಗೂ ಹಿಗ್ಗಿಸಬಹುದು. 2019ರ ಜಾನುವಾರು ಗಣತಿಯಲ್ಲಿ ದೇಶದ ಬೀದಿನಾಯಿಗಳು 1 ಕೋಟಿ 53 ಲಕ್ಷ, ಕರ್ನಾಟಕದ್ದು 11 ಲಕ್ಷ ಮೀರಿ. ಸಾಕಿದವು ಈ ಲೆಕ್ಕದಲ್ಲಿಲ್ಲ. ನನ್ನ ಜುಗ್ಗ ಅಳತೆಯಲ್ಲೇ ಗುಣಿಸಿದರೂ ದೇಶಕ್ಕೆ ದಿನವೊಂದಕ್ಕೆ 2,300 ಟನ್: ಹತ್ತು ಟನ್ನಿನ ಲಾರಿ 230 ಬೇಕು, ದಿನಾ. ಪ್ಯಾರಿಸ್ ನಗರ ಒಂದು ಕಾಲಕ್ಕೆ ದಿನಕ್ಕೆ 16 ಟನ್ ಹೊಲಸಿಗೆ ಬೇಸತ್ತು, ಅದನ್ನು ಹೀರಿಕೊಳ್ಳುವ ಮೋಟಾರ್ ಸೈಕಲ್‌ಗಳನ್ನೇ 1982ರಿಂದ ಬೀದಿಗಿಳಿಸಿತ್ತು. ಖರ್ಚು ತಾಳದೆ 2004ರಲ್ಲಿ ನಿಲ್ಲಿಸಿತು. ನ್ಯೂಯಾರ್ಕ್ 1978ರಲ್ಲೇ ಕಾನೂನು ಮಾಡಿ ಯಜಮಾನರ ಕೈಗೇ ಚೀಲ ಕೊಟ್ಟಿತ್ತು. ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಸ್ಪೇನಿನ ಬ್ರುನೆಟೆ ಎಂಬ ಸಣ್ಣ ಊರು. 2013ರಲ್ಲಿ ಅಲ್ಲಿಯ ಸ್ವಯಂಸೇವಕರು ಬಾಚದೆ ಹೋದವರ ಜೊತೆ ಮಾತಿಗಿಳಿದು ನಾಯಿಯ ಹೆಸರು ತಿಳಿದುಕೊಂಡು, ನೋಂದಣಿಯಲ್ಲಿ ವಿಳಾಸ ಹುಡುಕಿ, ಆ ಹೊಲಸನ್ನು ಡಬ್ಬಿಯಲ್ಲಿಟ್ಟು ಮನೆಬಾಗಿಲಿಗೆ ಮುಟ್ಟಿಸಿದರು. 147 ಡಬ್ಬಿ. ಬೀದಿಯ ಹೊಲಸು ಶೇಕಡಾ 70ರಷ್ಟು ಇಳಿಯಿತೆಂದು ಊರಾಡಳಿತ ಹೇಳಿತು.

ಆಚೆಮನೆಯ ನಾಯಿ ನಮ್ಮ ಅಂಗಳಕ್ಕೇ ಏಕೆ ಬರಬೇಕು? ಅದು ತಾನು ಮಲಗುವ, ಉಣ್ಣುವ ಜಾಗವನ್ನು ಕೆಡಿಸುವುದಿಲ್ಲ. ಹೊರಗೆ ಬಿಟ್ಟರೆ ಹೋಗುವುದು ಪಕ್ಕದ ಹಿತ್ತಲಿಗೇ. ಒಮ್ಮೆ ಹೋದದ್ದು ಮತ್ತೆ ಅಲ್ಲಿಗೇ ಬರುತ್ತದೆ, ಏಕೆಂದರೆ ಅದರ ಮೂಗಿನಲ್ಲಿ 20 ಕೋಟಿಗೂ ಹೆಚ್ಚು ವಾಸನೆಯ ಗ್ರಾಹಕಗಳಿವೆ, ನಮ್ಮಲ್ಲಿ 50 ಲಕ್ಷದ ಆಸುಪಾಸು. ನಾವು ಬಾಚಿ ಬೂದಿ ಹಾಕಿದ ಜಾಗ ನಮಗೆ ಶುದ್ಧ, ಅದಕ್ಕೆ ಗುರುತು. ಬಾಚಿದ ಮೇಲೆ ಸಾಬೂನು ನೀರು ಹಾಕಿ ತಿಕ್ಕಬೇಕು. ನಾಯಿ ಬಾರದಿರಲೆಂದು ಗೇಟಿನ ಬುಡದಲ್ಲಿ, ಪಾಗಾರದ ಮೇಲೆ ಕೆಂಪು ನೀರು, ನೀಲಿ ನೀರು ತುಂಬಿದ ಬಾಟಲಿ ಇಡುವುದು ಊರೂರಲ್ಲಿ ಕಾಣುತ್ತದೆ. ನಾಯಿಯ ಕಣ್ಣಿಗೆ ಕೆಂಪು ಕೆಂಪಾಗಿ ಕಾಣುವುದೇ ಇಲ್ಲ, ಮಂಕು ಕಂದಾಗಿ ಕಾಣುತ್ತದೆ. ನೀಲಿ ಕಾಣುತ್ತದೆ, ಆದರೆ ಅದಕ್ಕೆ ಹೆದರಲು ಕಾರಣವಿಲ್ಲ. ಬಾಟಲಿಗಿಂತ ಭದ್ರವಾದ ದಣಪೆ ವಾಸಿ, ಕೆಳಗಿನ ಗಳುಗಳನ್ನು ಒತ್ತೊತ್ತಾಗಿ ಹಾಕಿದ್ದು.

"ಅಕ್ಕಾ, ಅದೊಂದು ಮೂಕಪ್ರಾಣಿ, ಅದಕ್ಕೇನು ಗೊತ್ತು? ಕಟ್ಟಿ ಹಾಕಿದ್ರೆ ರಾತ್ರಿಯೆಲ್ಲ ಕೂಗ್ತದೆ." ಈ ಮಾತು ಹೇಳದ ಆಚೆಮನೆ ಇಲ್ಲ. ಅದರಲ್ಲಿ ಸತ್ಯವೂ ಇದೆ. ಮಂಗನ ಕಾಟಕ್ಕೆ, ಹಂದಿ ಕಾಟಕ್ಕೆ ಇಲ್ಲಿ ನಾಯಿ ಬೇಕೇ ಬೇಕು. ನಾಯಿಯ ತಪ್ಪು ಇಲ್ಲಿ ಎಳ್ಳಷ್ಟೂ ಇಲ್ಲ; ಸಿಟ್ಟಿನಲ್ಲಿ ವಿಷ ಇಡುವವರು ಇದನ್ನು ಮೊದಲು ತಿಳಿಯಬೇಕು. ಪ್ರಾಣಿಗೆ ವಿಷವಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದ ತನಕ ಸಜೆ ಇದೆ, ಇರಲೇಬೇಕು. ಹೊಣೆ ಯಜಮಾನರದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಾಕುನಾಯಿಯ ಲಸಿಕೆ, ಸಂತಾನಹರಣ, ಜಂತುನಾಶಕ ಮೂರನ್ನೂ ಸಾಕಿದವರ ತಲೆಗೇ ಕಟ್ಟಿವೆ. ಹುಳುವಿನ ಮಾತ್ರೆ ಕೊಡುವುದು ದಯೆಯಲ್ಲ, ಕರ್ತವ್ಯ. ಜಗಳವಾಡಿ ಬರುವುದಕ್ಕಿಂತ ಬಾವಿಯ ಲೆಕ್ಕ ಹೇಳಿ ಬರುವುದು ಹೆಚ್ಚು ನಾಟುತ್ತದೆ ಎಂದು ನನ್ನ ನಂಬಿಕೆ. ಏಕೆಂದರೆ ಅವರ ಬಾವಿಯೂ ಅದೇ ನೆಲದ ನೀರು ಕುಡಿಯುತ್ತದೆ. ಅದಕ್ಕೂ ಜಗ್ಗದಿದ್ದರೆ ಗ್ರಾಮ ಪಂಚಾಯ್ತಿಗೆ ಬರವಣಿಗೆಯಲ್ಲಿ ಕೊಡಿ. ಊರಿನ ನೈರ್ಮಲ್ಯ ಅವರ ಕೆಲಸ.

ಮಾಡಬೇಕಾದದ್ದು ಅಂಕಿಗಳಲ್ಲಿ ಹೇಳುವುದಾದರೆ ಬಹಳ ಸಣ್ಣದು. ದುಂಡುಹುಳುವಿನ ಮೊಟ್ಟೆ ಬಲಿಯಲು ಎರಡು ವಾರವಾದರೂ ಬೇಕು. ಬಿದ್ದದ್ದನ್ನು ಅಂದೇ ಬಾಚಿದರೆ ಅದು ಅಂಗಳದಲ್ಲಿ ಬಲಿಯುವುದೇ ಇಲ್ಲ. ಬಾಚಿದ್ದನ್ನು ಬೇಲಿಯಾಚೆ ಎಸೆಯದೆ, ಬಾವಿಯಿಂದ 15 ಮೀಟರಾದರೂ ದೂರ, ಇಳಿಜಾರಿನ ಕೆಳಬದಿಗೆ ಆಳದ ಗುಂಡಿ ತೋಡಿ ಹೂಳಬೇಕು. ತರಕಾರಿ ಪಾತಿಗೆ, ಗೊಬ್ಬರಗುಂಡಿಗೆ ಹಾಕಕೂಡದು. ಮಳೆಗಾಲದಲ್ಲಿ ಬಾವಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಮಿನಂತೆ ಒಳ್ಳೆಯ ಬ್ಲೀಚಿಂಗ್ ಪೌಡರ್: 22 ಸಾವಿರ ಲೀಟರಿಗೆ 55 ಗ್ರಾಂ, ಒಂದು ಗಂಟೆ ಬಿಟ್ಟು ಸೇದಬಹುದು. ಹುಳುವಿನ ಮೊಟ್ಟೆ ಬ್ಲೀಚಿಂಗಿಗೆ ಸಾಯುವುದಿಲ್ಲ, ಕುಡಿಯುವ ನೀರು ಕುದಿಸಲೇಬೇಕು. ಇನ್ನು ನಾಯಿ. ಹೊಟ್ಟೆಯಲ್ಲಿ ಹತ್ತೇ ಹೆಣ್ಣುಹುಳು ಇದ್ದರೂ ವರ್ಷಕ್ಕೆ ಮೂವತ್ತಾರು ಕೋಟಿ ಮೊಟ್ಟೆ ಹೊರಬರುತ್ತದೆ. ಜಂತಿನ ಮಾತ್ರೆ ಸಾಮಾನ್ಯವಾಗಿ ಹತ್ತು ಕಿಲೋ ತೂಕಕ್ಕೆ ಒಂದು, ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ. ಮರಿಗಾದರೆ ಪಶುವೈದ್ಯರು ಹೇಳಿದಂತೆ ಇನ್ನೂ ಬೇಗ ಬೇಗ. ಹದಿನೈದು ಕಿಲೋ ನಾಯಿಗೆ ವರ್ಷಕ್ಕೆ ಆರು ಮಾತ್ರೆ ಆಯಿತು. ಆಚೆಮನೆಯವರು ತರುವುದಿಲ್ಲವೆಂದಾದರೆ, ಅವರನ್ನು ಕೇಳಿಯೇ, ಆ ಆರು ಮಾತ್ರೆಯನ್ನು ನಾವೇ ತಂದುಕೊಟ್ಟರೂ ನಷ್ಟವಿಲ್ಲ.