ವಾತಾಯನ ಮತ್ತು ಗವಾಕ್ಷ: ಉಷ್ಣದೇಶದ ನವೀನ ಗೃಹರಚನೆಯ ವಿಚಾರ

ಅಮರಕೋಶವು ವಾತಾಯನ, ಗವಾಕ್ಷ ಎಂಬೆರಡು ಶಬ್ದಗಳನ್ನು ಪರ್ಯಾಯಗಳೆಂದು ಪಠಿಸುತ್ತದೆ. ಪಾಠ ಹೇಳುವಾಗಲೂ ಎರಡಕ್ಕೂ ಕಿಟಕಿಯೆಂದೇ ಅರ್ಥ ಹೇಳಿ ಮುಂದೆ ಸಾಗುವುದು ವಾಡಿಕೆ. ವ್ಯುತ್ಪತ್ತಿಯನ್ನು ವಿಚಾರಿಸಿದರೆ ಇವು ಸೂಚಿಸುವ ಕಾರ್ಯಗಳು ಬೇರೆ ಬೇರೆ. ವಾತದ ಅಯನ, ಎಂದರೆ ಗಾಳಿಯ ಹಾದಿ, ವಾತಾಯನ. ಗೋಶಬ್ದಕ್ಕೆ ಕಿರಣವೆಂಬ ಅರ್ಥವೂ ಉಂಟಾದುದರಿಂದ ಕಿರಣಗಳು ಒಳಹೊಗುವ ರಂಧ್ರವು ಗವಾಕ್ಷವೆಂದು ವ್ಯಾಖ್ಯಾನಿಸುವುದುಂಟು. ಕನ್ನಡದ ಬೆಳಕಿಂಡಿಯು ಈ ಎರಡನೆಯ ಕಾರ್ಯವನ್ನೇ ಹೇಳುತ್ತದೆ. ಗಾಳಿಯನ್ನು ಬರಮಾಡಿಕೊಂಡು ಬಿಸಿಲನ್ನು ತಡೆಯುವುದು ಹೇಗೆಂಬುದು ಉಷ್ಣದೇಶದ ನವೀನ ಗೃಹರಚನೆಯ ಮುಖ್ಯ ಪ್ರಶ್ನೆಯಾಗಿರುವುದರಿಂದ, ಈ ಅರ್ಥಭೇದವು ಅದನ್ನು ತಿಳಿಯಲು ಒಳ್ಳೆಯ ಸಾಧನವಾಗಿದೆ.

ಈ ವಿದ್ಯೆಯ ಇತಿಹಾಸದಲ್ಲಿ ಬೆಂಗಳೂರಿನ ಉತ್ತರಭಾಗಕ್ಕೆ ಗಣನೀಯವಾದ ಸ್ಥಾನವುಂಟು. ಯಶವಂತಪುರದ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ವಿಮಾನಶಾಸ್ತ್ರ ವಿಭಾಗ, ಭೋಜನಶಾಲೆ, ಸಭಾಂಗಣ ಮೊದಲಾದ ಕಟ್ಟಡಗಳ ವಿನ್ಯಾಸವನ್ನು ೧೯೪೦ರ ದಶಕದಲ್ಲಿ ಮಾಡಿದವರು ಓಟೋ ಕ್ಯೋನಿಗ್ಸ್‌ಬರ್ಗರ್. ಇವರು ೧೯೦೮ರಲ್ಲಿ ಬರ್ಲಿನ್ನಿನಲ್ಲಿ ಜನಿಸಿದರು. ಯೆಹೂದ್ಯ ಮನೆತನದವರಾದ ಕಾರಣ ನಾಟ್ಸಿಗಳ ಆಳಿಕೆಯಲ್ಲಿ ಜರ್ಮನಿಯನ್ನು ತೊರೆಯಬೇಕಾಯಿತು. ಈಜಿಪ್ಟಿನಲ್ಲಿದ್ದು, ಬಳಿಕ ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ೧೯೩೯ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ೧೯೪೮ರಲ್ಲಿ ಭಾರತ ಸರ್ಕಾರದ ಗೃಹನಿರ್ಮಾಣ ನಿರ್ದೇಶಕರಾದರು. ಆಮೇಲೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಬೋಧಿಸಿದರು. ಮೂವರು ಸಹಲೇಖಕರೊಡನೆ ೧೯೭೪ರಲ್ಲಿ ಪ್ರಕಟಿಸಿದ ಕೈಪಿಡಿಯು ಈ ವಿಷಯದಲ್ಲಿ ಪ್ರಮಾಣಗ್ರಂಥವೆನಿಸಿದೆ. ಇವರು ಕಾಲವಾದುದು ೧೯೯೯ರಲ್ಲಿ.

ಆ ಕೈಪಿಡಿಯ ಕ್ರಮವು ಪಂಚಾಂಗ ನೋಡುವವರಿಗೆ ಅಪರಿಚಿತವೆನಿಸದು. ಊರಿನ ಹನ್ನೆರಡು ತಿಂಗಳ ಉಷ್ಣತೆ, ತೇವ, ಮಳೆ, ಗಾಳಿಗಳನ್ನು ಕೋಷ್ಟಕದಲ್ಲಿ ಬರೆದು, ಎಷ್ಟು ತಿಂಗಳು ಯಾವ ಬಾಧೆಯಿದೆಯೆಂದು ಎಣಿಸಿ, ಆ ಸಂಖ್ಯೆಯಿಂದ ಮನೆಯ ದಿಕ್ಕು, ಗೋಡೆಯ ದಪ್ಪ, ಕಿಟಕಿಯ ಅಳತೆ, ಮಾಡಿನ ಬಗೆಗಳನ್ನು ನಿರ್ಣಯಿಸುವುದು. ಮನೆಯ ಯಜಮಾನನ ನಕ್ಷತ್ರವಲ್ಲ, ಊರಿನ ಹವೆಯೇ ಇಲ್ಲಿ ಪ್ರಮಾಣ.

ಈ ತತ್ತ್ವವನ್ನು ಬೆಂಗಳೂರಿಗೆ ಅನ್ವಯಿಸಿ ನೋಡಬಹುದು. ನಗರವು ಸುಮಾರು ೧೩ ಅಂಶ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನಲ್ಲಿ ಸೂರ್ಯನು ದಕ್ಷಿಣಕ್ಕೆ ಅತಿಯಾಗಿ ಸರಿದಿರುವಾಗಲೂ ನಡುಹಗಲಲ್ಲಿ ಸುಮಾರು ೫೩ ಅಂಶ ಮೇಲಿರುತ್ತಾನೆ. ಆದುದರಿಂದ ತೆಂಕಣ ಗೋಡೆಯ ೪ ಅಡಿ ಎತ್ತರದ ಕಿಟಕಿಗೆ ೩ ಅಡಿ ಚಾಚಿದ ಸೂರು ವರ್ಷವೆಲ್ಲ ನಡುಹಗಲಿನ ನೆರಳನ್ನು ಕೊಡುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯನು ನೆತ್ತಿಯಿಂದ ತುಸು ಬಡಗಣಕ್ಕಿರುತ್ತಾನೆ. ಆ ಕಡೆಗೆ ಆಗ ಮುಕ್ಕಾಲು ಅಡಿಯ ಚಾಚು ಸಾಕು. ಪಡುವಣದ ಬಿಸಿಲು ಮಾತ್ರ ಸಂಜೆ ಓರೆಯಾಗಿ ಬೀಳುವುದರಿಂದ ಸೂರಿಗೆ ನಿಲ್ಲದು. ಅಲ್ಲಿ ಜಗಲಿ, ಮರ ಅಥವಾ ಕಿಟಕಿಯಿಲ್ಲದ ಗೋಡೆಯೇ ಗತಿ. ಹೀಗಾಗಿ ಮನೆಯು ಮೂಡಣ ಪಡುವಣವಾಗಿ ಉದ್ದವಿದ್ದು ಕಿಟಕಿಗಳು ತೆಂಕಣ ಬಡಗಣಗಳಿಗೆ ಇರುವುದು ಯುಕ್ತ.

ಗವಾಕ್ಷದ ನಿರ್ಣಯ ಇಷ್ಟಾದರೆ ವಾತಾಯನದ್ದು ಬೇರೆ. ಹಾದಿ ಎಂದಮೇಲೆ ಪ್ರವೇಶದಂತೆ ನಿರ್ಗಮವೂ ಬೇಕು. ಎಷ್ಟು ದೊಡ್ಡದಾದರೂ ಒಂದೇ ಕಿಟಕಿಯುಳ್ಳ ಕೋಣೆಯಲ್ಲಿ ಗಾಳಿಯು ಸಂಚರಿಸದು. ಆದುದರಿಂದ ಗಾಳಿಯಾಟ ಬೇಕಾದ ಕಡೆ ಕೋಣೆಗಳನ್ನು ಒಂದೇ ಸಾಲಿನಲ್ಲಿಟ್ಟು ಎದುರುಬದುರಾಗಿ ತೆರಪುಗಳನ್ನು ಬಿಡಬೇಕೆಂದೂ, ಅವು ಮೈಮಟ್ಟದಲ್ಲಿರಬೇಕೆಂದೂ ಆ ಕೈಪಿಡಿಯ ಮತ. ಗಾಳಿಯು ಬೇರೆ ದಿಕ್ಕಿನಿಂದ ಬೀಸಿದರೆ ಕಿಟಕಿಯ ಮಗ್ಗುಲಲ್ಲಿ ಮುಂಚಾಚಿದ ಅಡ್ಡಗೋಡೆಯಿಂದ ಅದನ್ನು ಒಳಕ್ಕೆ ತಿರುಗಿಸಬಹುದು. ಸೂರ್ಯನ ಹಾದಿಯನ್ನು ಹಾಗೆ ತಿರುಗಿಸಲಾಗದು. ಎರಡಕ್ಕೂ ವಿರೋಧ ಬಂದಾಗ ಬಿಸಿಲಿನ ಲೆಕ್ಕಕ್ಕೆ ಮೊದಲ ಮನ್ನಣೆ ಕೊಡುವುದು ಇದರಿಂದಲೇ.

ನಮ್ಮ ತೊಟ್ಟಿಯ ಮನೆಯಲ್ಲಿ ಈ ಎರಡು ಕಾರ್ಯಗಳೂ ಕೂಡಿಬಂದಿದ್ದುವು. ಹಜಾರದ ಮಾಡು ಬಿಸಿಲನ್ನು ತಡೆಯುತ್ತಿತ್ತು, ತೊಟ್ಟಿಯು ಬಿಸಿಗಾಳಿಗೆ ಮೇಲ್ದಾರಿಯಾಗುತ್ತಿತ್ತು. ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯದಲ್ಲಿ ಚತುಃಶಾಲಗೃಹದ ಭೇದಗಳನ್ನು ಅಲಿಂದಗಳ, ಎಂದರೆ ಜಗಲಿಗಳ, ವಿನ್ಯಾಸದಿಂದಲೇ ಹೇಳಿರುವುದು ಗಮನಾರ್ಹ. ಆದರೆ ಯಲಹಂಕ, ಹೆಬ್ಬಾಳ, ಆರ್. ಟಿ. ನಗರಗಳ ೩೦ ಅಡಿ ಅಗಲ ೪೦ ಅಡಿ ಉದ್ದದ ನಿವೇಶನದಲ್ಲಿ ತೊಟ್ಟಿಗೆ ಎಡೆ ದೊರೆಯುವುದು ಕಷ್ಟ. ಅಲ್ಲಿ ಉಳಿಸಿಕೊಳ್ಳಬೇಕಾದುದು ಆಕಾರವನ್ನಲ್ಲ, ತತ್ತ್ವವನ್ನು.

ಈಗ ನಡೆಯುತ್ತಿರುವುದು ಬಹುಮಟ್ಟಿಗೆ ಇದಕ್ಕೆ ವಿಪರೀತ. ನೆರಳು ಮಾಡಲು ಅತ್ಯಂತ ಸುಲಭವಾದ ತೆಂಕಣ ದಿಕ್ಕನ್ನು ಅಶುಭವೆಂದು ಹಲವರು ತೊರೆಯುತ್ತಾರೆ. ಬಿಸಿಲನ್ನು ತಡೆಯಲಾಗದ ಪಡುವಣಕ್ಕೆ ಗಾಜಿನ ಗೋಡೆ ನಿಲ್ಲಿಸುತ್ತಾರೆ. ದ್ವಾರಫಲವನ್ನು ಹೇಳುವಾಗ ವರಾಹಮಿಹಿರನು ದಕ್ಷಿಣದ ಎಂಟು ಪದಗಳೆಲ್ಲವನ್ನೂ ನಿಷೇಧಿಸಿಲ್ಲ, ಶುಭಫಲದ ಸ್ಥಾನವನ್ನೂ ಹೇಳಿದ್ದಾನೆ. ಶಾಸ್ತ್ರದ ಹೆಸರಿನಲ್ಲಿ ಹೇಳುವ ಸಾರಾಸಗಟಾದ ನಿಷೇಧವು ಶಾಸ್ತ್ರದಲ್ಲಿಯೇ ಇಲ್ಲ. ೨೦೧೬ರ ಏಪ್ರಿಲ್ ೨೪ರಂದು ಬೆಂಗಳೂರಿನ ಉಷ್ಣತೆ ೩೯.೨ ಸೆಲ್ಸಿಯಸ್ ಅಂಶಕ್ಕೆ ಏರಿತು. ತಂಪಿಗೆ ಹೆಸರಾದ ಊರೆಂಬ ಭರವಸೆಯಿಂದ ಇನ್ನು ಮನೆ ಕಟ್ಟುವಂತಿಲ್ಲ. ವಾತಾಯನಕ್ಕೂ ಗವಾಕ್ಷಕ್ಕೂ ಉಳ್ಳ ಭೇದವನ್ನು ಉಪಾಧ್ಯಾಯರು ಪಾಠದಲ್ಲಿ ವಿವರಿಸಿದರೆ, ಕೋಶದ ಎರಡು ಶಬ್ದಗಳು ಮನೆ ಕಟ್ಟುವವರಿಗೂ ಪ್ರಯೋಜನಕ್ಕೆ ಬಂದಾವು.