ಬಾನೆಟ್ಟಿನ ಕೆಳಗೂ ಒಂದು ಕುಕ್ಕರ್!

ಒಲೆಯ ಮೇಲಿನ ಕುಕ್ಕರ್ ಮೂರು ಸೀಟಿ ಹಾಕಿತು. ಮಕ್ಕಳಿಗೆ ಹಸಿವು, ಯಜಮಾನರಿಗೆ ಅವಸರ. ಹಾಗೆಂದು ನೀವು ಆ ಕ್ಷಣವೇ ಮುಚ್ಚಳ ತೆಗೆಯುತ್ತೀರಾ? ಖಂಡಿತ ಇಲ್ಲ. "ಸ್ವಲ್ಪ ತಡೀರಿ, ಹಬೆ ಇಳೀಲಿ" ಎನ್ನುತ್ತೀರಿ. ಮನೆಗೆ ಬಂದ ಹೊಸ ಸೊಸೆಗೂ ಮೊದಲು ಈ ಪಾಠವನ್ನೇ ಹೇಳಿಕೊಡುತ್ತೀರಿ. ಅಡುಗೆಮನೆಯಲ್ಲಿ ಇಷ್ಟು ಜಾಣರಾದ ನಾವು, ಅಂಗಳದಲ್ಲಿ ನಿಂತಿರುವ ಕಾರಿನೊಳಗೂ ಅಂಥದೇ ಒಂದು ಕುಕ್ಕರ್ ಇದೆಯೆಂದು ಎಂದಾದರೂ ಯೋಚಿಸಿದ್ದೇವೆಯೇ?

ನಾನಂತೂ ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದ್ದು ಒಂದು ಮಧ್ಯಾಹ್ನದ ಪ್ರಯಾಣ.

ಕಮಲಾಪುರದ ಆಚೆ

ಕಲಬುರಗಿಯಲ್ಲಿ ಮದುವೆ ಮುಗಿಸಿಕೊಂಡು ನಾವು ಐದು ಜನ ಊರಿಗೆ ಹೊರಟಿದ್ದೆವು. ನಮ್ಮೂರು ಬಸವಕಲ್ಯಾಣದ ಮಗ್ಗುಲಿನ ನಾರಾಯಣಪುರ. ಚಾಲುಕ್ಯರ ಕಾಲದ ಶಿವ ದೇವಾಲಯವಿರುವ ಊರು. ವೈಶಾಖದ ಬಿಸಿಲು, ಮಧ್ಯಾಹ್ನ ಎರಡು ಗಂಟೆ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಹೊಸ ಸುದ್ದಿಯೇನಲ್ಲ. ಡಿಕ್ಕಿಯ ತುಂಬ ಬುತ್ತಿ, ಬಟ್ಟೆಗಂಟು, ಉಡುಗೊರೆಯ ಪಾತ್ರೆಗಳು. ಎಸಿ ಪೂರ್ತಿ ಜೋರಿನಲ್ಲಿತ್ತು. ಕಮಲಾಪುರ ದಾಟಿ ಹುಮನಾಬಾದಿನ ಹಾದಿಯಲ್ಲಿ ಸ್ವಲ್ಪ ದೂರ ಬಂದಿರಬೇಕು, ಎಸಿಯ ಗಾಳಿ ಬೆಚ್ಚಗಾಯಿತು. ಏನೋ ಸಿಹಿ ಸಿಹಿ ವಾಸನೆ. ನೋಡುನೋಡುತ್ತಿದ್ದಂತೆ ಬಾನೆಟ್ಟಿನ ಸಂದಿಯಿಂದ ಹಬೆ!

ನಮ್ಮವರು ಗಾಡಿ ನಿಲ್ಲಿಸಿದವರೇ ಬಾನೆಟ್ ಎತ್ತಿ, ಕೈಗೆ ಟವೆಲ್ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಪಕ್ಕದ ಚಹಾದಂಗಡಿಯಿಂದ ಒಂದು ಕೂಗು: "ಏ ತಮ್ಮಾ, ಕೈ ಹಚ್ಚಬ್ಯಾಡ! ಮುಚ್ಚಳಾ ತೆಗದಿ ಅಂದ್ರ ಮಾರಿ ಸುಟ್ಟು ಹೋಗ್ತದ!"

ವಯಸ್ಸಾದ ಲಾರಿ ಡ್ರೈವರ್ ಒಬ್ಬರು ಓಡಿ ಬಂದರು. ಅಂಗಿಯ ತೋಳು ಮೇಲೇರಿಸಿ ಮುಂಗೈ ತೋರಿಸಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಬಿಳಿಚಿದ, ಸುಕ್ಕುಗಟ್ಟಿದ ಚರ್ಮ. "ನಾ ಹುಡುಗ ಇದ್ದಾಗಿಂದು. ಎರಡು ನಿಮಿಷ ತಡೀಲಿಲ್ಲ, ಎರಡು ತಿಂಗಳು ದವಾಖಾನ್ಯಾಗ ಮಲಗಿದೆ. ನಿಂದರ್ರಿ, ಚಾ ಕುಡೀರಿ, ಅದು ತಣ್ಣಗಾಗ್ಲಿ" ಎಂದರು.

ಬೇವಿನ ಮರದ ಕೆಳಗೆ ಮುಕ್ಕಾಲು ಗಂಟೆ ಕೂತೆವು. ಆಮೇಲೆ ಕಾಕಾ ದಪ್ಪ ಗೋಣಿತಟ್ಟು ಮುಚ್ಚಿ, ಮುಖ ಅತ್ತ ತಿರುಗಿಸಿ, ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರು. ಆಗಲೂ ‘ಬುಸ್’ ಎಂದು ಹಬೆ ಬಂತು! ಮುಕ್ಕಾಲು ಗಂಟೆಯ ಹಿಂದೆ ನಮ್ಮವರು ಅದನ್ನು ತೆಗೆದಿದ್ದರೆ? ನೆನೆದರೆ ಇಂದಿಗೂ ಮೈ ನಡುಗುತ್ತದೆ.

ಹುಮನಾಬಾದಿನ ಮೆಕ್ಯಾನಿಕ್ ನೋಡಿ, ರಬ್ಬರಿನ ಹೋಸ್ ಪೈಪು ಸೀಳಿದೆ ಎಂದ. "ಭಾಳ ದಿನದಿಂದ ಸೋರಿರಬೇಕ್ರಿ. ಮನಿ ಮುಂದ ಹಸಿರು ಕಲೆ ಬೀಳ್ತಿರಲಿಲ್ಲೇನ್ರಿ?" ಎಂದು ಕೇಳಿದ. ನಾನು ತಲೆ ತಗ್ಗಿಸಿದೆ. ಹದಿನೈದು ದಿನಗಳಿಂದ ಬೆಳಿಗ್ಗೆ ಅಂಗಳ ಸಾರಿಸುವಾಗ ಆ ಹಸಿರು ಹನಿಗಳನ್ನು ನಾನೇ ನೋಡಿದ್ದೆ. ನೀರು ಹಾಕಿ ತಿಕ್ಕಿ, ಪಕ್ಕದಲ್ಲಿ ರಂಗೋಲಿ ಎಳೆದು ಒಳಗೆ ಹೋಗುತ್ತಿದ್ದೆ. ‘ಕಾರಿನ ವಿಷಯ ಗಂಡಸರದು, ನನಗ್ಯಾಕೆ?’ ಎಂದುಕೊಂಡು ಒಂದು ಮಾತೂ ಹೇಳಿರಲಿಲ್ಲ.

ಸೋದರಿಯರೇ, ನೀವು ಸ್ಟಿಯರಿಂಗ್ ಹಿಡಿಯುವವರಿರಲಿ, ಪಕ್ಕದಲ್ಲಿ ಕೂಡುವವರಿರಲಿ, ನಾನು ಮಾಡಿದ ಈ ತಪ್ಪನ್ನು ನೀವು ಮಾಡಬಾರದು.

ನೀರೇಕೆ ಬೇಕು?

ಎಂಜಿನ್ನಿನೊಳಗೆ ಉರಿಯುವ ಪೆಟ್ರೋಲು, ಡೀಸೆಲ್ಲಿನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಗಾಲಿ ತಿರುಗಿಸಲು ಒದಗುತ್ತದೆ. ಉಳಿದದ್ದೆಲ್ಲ ಬರೀ ಶಾಖ. ಒಂದಿಷ್ಟು ಹೊಗೆಯ ಜೊತೆ ಹೋಗುತ್ತದೆ. ಇನ್ನೊಂದಿಷ್ಟನ್ನು ಹೊರಹಾಕಲು ಎಂಜಿನ್ನಿನ ಸುತ್ತ ನೀರು ಹರಿಯುತ್ತಿರುತ್ತದೆ. ಒಂದು ಪಂಪು ಆ ನೀರನ್ನು ತಿರುಗಿಸುತ್ತದೆ. ಮುಂಭಾಗದ ರೇಡಿಯೇಟರಿನಲ್ಲಿ ಅದು ಗಾಳಿಗೆ ಆರುತ್ತದೆ. ಗಾಳಿ ಸಾಲದಾದಾಗ ಫ್ಯಾನು ತಿರುಗುತ್ತದೆ. ಎಲ್ಲವೂ ಸರಿಯಿದ್ದರೆ ಆ ನೀರು ಸುಮಾರು 90 ಡಿಗ್ರಿಯಲ್ಲಿರುತ್ತದೆ. ಅಂದರೆ ಚಹಾ ಕುದಿಯುವುದಕ್ಕೆ ತುಸು ಮುಂಚಿನ ಬಿಸಿ!

ನೀರು ಕುದಿದು ಆವಿಯಾಗಿ ಹೋಗಬಾರದೆಂದು ಇಡೀ ವ್ಯವಸ್ಥೆಯನ್ನು ಬಿಗಿಯಾಗಿ ಮುಚ್ಚಿ ಒತ್ತಡದಲ್ಲಿ ಇಟ್ಟಿರುತ್ತಾರೆ. ನಮ್ಮ ಕುಕ್ಕರಿನಲ್ಲಿ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುತ್ತದಲ್ಲ, ಇಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಒತ್ತಡ. ಮುಚ್ಚಳ ತೆಗೆದ ಕೂಡಲೇ ಒತ್ತಡ ಇಳಿಯುತ್ತದೆ. ನೂರು ಡಿಗ್ರಿ ಮೀರಿದ್ದ ನೀರು ಆ ಕ್ಷಣವೇ ಹಬೆಯಾಗಿ ಸಿಡಿಯುತ್ತದೆ. ನಿಮ್ಮ ಮುಖ, ಕೈ ಅಲ್ಲೇ ಮೇಲಿರುತ್ತವೆ. 1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ತೋರಿಸಿದ ಹಬೆಪಾತ್ರೆ ಇಂದಿನ ಕುಕ್ಕರಿನ ಮುತ್ತಜ್ಜಿ. ಹಬೆ ತನ್ನಷ್ಟಕ್ಕೆ ಹೊರಹೋಗುವ ಕವಾಟವನ್ನು ಅವನು ಆಗಲೇ ಅದಕ್ಕೆ ಜೋಡಿಸಿದ್ದ. ಹಬೆಯ ಸಿಟ್ಟು ಅಷ್ಟು ಹಳೆಯ ಪಾಠ!

"ನಮ್ಮ ಮಾವನವರು ಅಂಬಾಸಿಡರ್ ಇಟ್ಟಿದ್ದರು, ದಾರಿಯಲ್ಲಿ ಮುಚ್ಚಳ ತೆಗೆದು ಕ್ಯಾನಿನಿಂದ ನೀರು ಹಾಕುತ್ತಿದ್ದರಲ್ಲ?" ಎಂದು ಕೇಳುವವರಿದ್ದಾರೆ. ಹಾಗೆ ಹಾಕಿ ಕೈ ಸುಟ್ಟುಕೊಂಡವರು ಆಗಲೂ ಇದ್ದರು. ಈಗಿನ ಹಲವು ಕಾರುಗಳಲ್ಲಿ ನೀರಿನ ಪ್ಲಾಸ್ಟಿಕ್ ಡಬ್ಬಿಯೂ ಒತ್ತಡದಲ್ಲೇ ಇರುತ್ತದೆ. ಪ್ಲಾಸ್ಟಿಕ್ ತಾನೇ ಎಂದು ಅದರ ಮುಚ್ಚಳವನ್ನೂ ಬಿಸಿಯಲ್ಲಿ ತಿರುಗಿಸಬಾರದು.

ದಾರಿಯಲ್ಲಿ ಕಾರು ಕಾದರೆ

ಡ್ಯಾಶ್‌ಬೋರ್ಡಿನಲ್ಲಿ ಶಾಖ ತೋರಿಸುವ ಮುಳ್ಳು ಮೇಲೇರುತ್ತಿದ್ದರೆ, ಅಥವಾ ನೀರಿನಲ್ಲಿ ನಿಂತ ಥರ್ಮಾಮೀಟರಿನಂಥ ಕೆಂಪು ದೀಪ ಹತ್ತಿದರೆ, "ಊರು ಇನ್ನು ನಾಲ್ಕೇ ಮೈಲಿ, ಹೋಗಿಬಿಡೋಣ" ಎನ್ನಬೇಡಿರಿ. ಆ ನಾಲ್ಕು ಮೈಲಿಯಲ್ಲಿ ಎಂಜಿನ್ನೇ ಹಾಳಾಗಬಹುದು. ಮೊದಲು ಎಸಿ ಆರಿಸಿರಿ. ಕಿಟಕಿಗಳನ್ನೆಲ್ಲ ಇಳಿಸಿ, ಹೀಟರನ್ನು ಪೂರ್ತಿ ಹಾಕಿರಿ. ‘ಈ ಸೆಕೆಯಲ್ಲಿ ಹೀಟರ್ರೇ?’ ಎಂದು ನಗಬೇಡಿ! ಹೀಟರೆಂದರೆ ಡ್ಯಾಶ್‌ಬೋರ್ಡಿನ ಹಿಂದಿರುವ ಚಿಕ್ಕ ರೇಡಿಯೇಟರ್. ಎಂಜಿನ್ನಿನ ಬಿಸಿನೀರೇ ಅದರಲ್ಲಿ ಹರಿಯುತ್ತದೆ. ಅದನ್ನು ಹಾಕಿದಾಗ ಎಂಜಿನ್ನಿನ ಶಾಖ ಸ್ವಲ್ಪ ಹೊರಬೀಳುತ್ತದೆ. ಸುರಕ್ಷಿತ ಜಾಗ ಸಿಗುವ ತನಕ ಈ ಉಪಾಯ ಸಾಕು.

ಹಬೆಯೇ ಕಾಣಿಸಿದರೆ ಮಾತ್ರ ಒಂದು ಕ್ಷಣವೂ ತಡಮಾಡದೆ ರಸ್ತೆಯ ಅಂಚಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ನಾಲ್ಕೂ ಕಡೆಯ ದೀಪ ಮಿನುಗುವಂತೆ ಮಾಡಿ, ಮಕ್ಕಳನ್ನು ರಸ್ತೆಯಿಂದ ದೂರ, ನೆರಳಿಗೆ ಕರೆದೊಯ್ಯಿರಿ. ಹಬೆ ನಿಲ್ಲುವವರೆಗೆ ಬಾನೆಟ್ ಎತ್ತುವುದೂ ಬೇಡ. ಕಡಿಮೆಯೆಂದರೆ ಅರ್ಧ ಗಂಟೆ, ನಮ್ಮ ಬೇಸಿಗೆಯಲ್ಲಾದರೆ ಒಂದು ಗಂಟೆ ಕಾಯಬೇಕು. ಇನ್ನೊಂದು ಮುಖ್ಯ ಮಾತು: ಎಂಜಿನ್ ಆರಿಸಿದ ಮೇಲೂ ರೇಡಿಯೇಟರಿನ ಫ್ಯಾನು ತಾನಾಗಿ ತಿರುಗತೊಡಗಬಹುದು. ಬಗ್ಗಿ ನೋಡುವಾಗ ಸೆರಗು, ಜಡೆ, ದುಪಟ್ಟಾ ಹತ್ತಿರ ಸುಳಿಯಕೂಡದು.

ಪೂರ್ತಿ ತಣ್ಣಗಾದ ಮೇಲೆ ನೀರು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿದರೆ, ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದಾಗ ಆಗುವಂತೆಯೇ ಲೋಹ ಬಿರಿಯಬಹುದು. ಹೆದ್ದಾರಿಯಲ್ಲಿದ್ದರೆ ಸಹಾಯಕ್ಕೆ 1033, ಯಾರಿಗಾದರೂ ಪೆಟ್ಟಾಗಿದ್ದರೆ 108 ಸಂಖ್ಯೆಗೆ ಫೋನ್ ಮಾಡಿರಿ.

ಅಕಸ್ಮಾತ್ ಹಬೆ ತಗುಲಿತೇ? ಬಳೆ, ಉಂಗುರ, ಗಡಿಯಾರಗಳನ್ನು ಕೂಡಲೇ ತೆಗೆದು, ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿರಿ. ಟೂತ್‌ಪೇಸ್ಟ್, ಅರಿಶಿನ, ಬೆಣ್ಣೆ, ಶಾಯಿ ಯಾವುದೂ ಬೇಡ. ಮಂಜುಗಡ್ಡೆಯೂ ಬೇಡ. ಗುಳ್ಳೆ ಒಡೆಯದೆ, ಶುಭ್ರವಾದ ಬಟ್ಟೆ ಹೊದಿಸಿ ವೈದ್ಯರಲ್ಲಿಗೆ ಹೋಗಿರಿ.

ಬೋರ್ ನೀರು, ಸಿಹಿ ವಿಷ

ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರು ಕಟ್ಟುವುದನ್ನು ನೋಡಿದ್ದೀರಿ. ಅದೇ ನೀರನ್ನು ದಿನವೂ ಕಾರಿಗೆ ಹಾಕಿದರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅಂಥ ಪದರು ಕಟ್ಟಿ, ನೀರು ಹರಿಯುವುದೇ ಕಷ್ಟವಾಗುತ್ತದೆ. ಆದ್ದರಿಂದಲೇ ಕಾರಿಗೆ ಕೂಲಂಟ್ ಹಾಕುತ್ತಾರೆ. ಅದು ತುಕ್ಕು ಹಿಡಿಯದಂತೆ ಕಾಯುತ್ತದೆ, ನೀರು ಬೇಗ ಕುದಿಯದಂತೆಯೂ ನೋಡಿಕೊಳ್ಳುತ್ತದೆ. ಕೆಲವು ಕೂಲಂಟ್ ನೇರವಾಗಿ ಹಾಕುವಂಥವು. ಕೆಲವನ್ನು ಶುದ್ಧೀಕರಿಸಿದ ನೀರಿಗೆ ಸಮಸಮ ಬೆರೆಸಬೇಕು. ಡಬ್ಬಿಯ ಮೇಲಿನ ಬರಹ ಓದಿಯೇ ಬಳಸಿರಿ. ದಾರಿಯಲ್ಲಿ ಬೇರೆ ಗತಿಯಿಲ್ಲದೆ ಕುಡಿಯುವ ನೀರು ಹಾಕಿದರೆ ತಪ್ಪಿಲ್ಲ, ಊರು ಮುಟ್ಟಿದ ಮೇಲೆ ಮೆಕ್ಯಾನಿಕ್ಕನಿಗೆ ಹೇಳಿ ಸರಿಮಾಡಿಸಿರಿ.

ಆದರೆ ಎಚ್ಚರ! ಸಾಮಾನ್ಯವಾಗಿ ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಘೋರ ವಿಷ. ಅದರ ರುಚಿ ಸಿಹಿ, ಬಣ್ಣ ಶರಬತ್ತಿನಂತೆ. ಉಳಿದದ್ದನ್ನು ಜ್ಯೂಸಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಮಗುವಿನ ಕೈಗೆ ಸಿಕ್ಕರೆ ಗತಿಯೇನು? ಅದರದೇ ಡಬ್ಬಿಯಲ್ಲಿ, ಎತ್ತರದಲ್ಲಿ ಇಡಿರಿ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ, ಬೆಕ್ಕು ನೆಕ್ಕದಂತೆ ಕೂಡಲೇ ತೊಳೆಯಿರಿ. ಮಗು ಒಂದು ಗುಟುಕು ಕುಡಿದಿರುವ ಅನುಮಾನ ಬಂದರೂ ವಾಂತಿ ಮಾಡಿಸುತ್ತ ಕೂಡದೆ, ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಿರಿ.

ಚಳಿಗಾಲದ ಹೀಟರ್

ಬೀದರ್ ಜಿಲ್ಲೆಯ ಡಿಸೆಂಬರ್ ಚಳಿ ಗೊತ್ತಿದ್ದವರಿಗೇ ಗೊತ್ತು. ಬೆಳಗಿನ ಜಾವ ಹೊರಡುವಾಗ ಹೀಟರ್ ಹಿತವೇ. ಎಂಜಿನ್ ತುಸು ಕಾದ ಮೇಲೆ ಹಾಕಿರಿ, ಆಗಲೇ ಬಿಸಿ ಗಾಳಿ ಬರುವುದು. ಕೂಸಿನ ಮುಖಕ್ಕೆ, ಕಾಲಿಗೆ ನೇರವಾಗಿ ಗಾಳಿ ಬಿಡಬೇಡಿರಿ. ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿ ಗಂಟೆಗಟ್ಟಲೆ ಹೋದರೆ ಗಾಜು ಮಬ್ಬಾಗುತ್ತದೆ, ಗಾಡಿ ನಡೆಸುವವರಿಗೆ ಜೊಂಪು ಹತ್ತುತ್ತದೆ. ಹೊರಗಿನ ಗಾಳಿ ಬರುವಂತೆ ಇಡುವುದೇ ಲೇಸು.

ಎಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದು. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ತೂಕಡಿಕೆ; ಆಮೇಲೆ ಎಚ್ಚರವೇ ಆಗುವುದಿಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಹೀಗೆಯೇ ಜೀವ ಬಿಟ್ಟರು; ಜನರೇಟರಿನ ಹೊಗೆ ಒಳಗೆ ಸೇರಿತ್ತು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಕಾಯಿಸಬೇಡಿರಿ. ಜಾತ್ರೆಗೆ ಹೋದಾಗ ಕಿಟಕಿ ಏರಿಸಿ, ಎಂಜಿನ್ ಚಾಲೂ ಇಟ್ಟು ಕಾರಿನಲ್ಲಿ ಮಲಗಬೇಡಿರಿ. ಹೀಟರಿಗಾಗಲಿ, ಎಸಿಗಾಗಲಿ ಇದೇ ಮಾತು.

ಬಿಸಿಲಲ್ಲಿ ನಿಂತ ಕಾರು

ಎಂಜಿನ್ ಆರಿಸಿದ ಕಾರು ಕೂಡ ಕಾಯುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಶಾಖ ಏರಬಹುದು. 2025ರ ಏಪ್ರಿಲ್‌ನಲ್ಲಿ ತೆಲಂಗಾಣದ ಚೇವೆಳ್ಳ ಸಮೀಪದ ಹಳ್ಳಿಯಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು, ಮರುತಿಂಗಳು ಆಂಧ್ರದ ವಿಜಯನಗರಂ ಬಳಿ ನಾಲ್ಕು ಮಕ್ಕಳು, ನಿಂತ ಕಾರಿನೊಳಗೆ ಸಿಕ್ಕಿಕೊಂಡು ತೀರಿಕೊಂಡರು. ಮದುವೆ ಮನೆಯ ಗದ್ದಲದಲ್ಲಿ, ಹಬ್ಬದ ಕೆಲಸದಲ್ಲಿ ಮಕ್ಕಳು ಎಲ್ಲಿ ಆಡುತ್ತಿದ್ದಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಕಾರು ನಿಲ್ಲಿಸಿದ ಕೂಡಲೇ ಬೀಗ ಹಾಕಿ, ಕೀಲಿ ಮಕ್ಕಳ ಕೈಗೆ ಎಟುಕದಂತೆ ಇಡಿರಿ. "ಐದು ನಿಮಿಷ ಕೂತಿರು, ಬಂದೆ" ಎಂದು ಮಗುವನ್ನು ಒಳಗೆ ಬಿಟ್ಟು ಅಂಗಡಿಗೆ ಹೋಗುವುದಂತೂ ಬೇಡವೇ ಬೇಡ.

ನೀವೇ ಹೇಳಿ!

ಈಗ ನಮ್ಮ ಮನೆಯಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ನಾನೇ ಬಾನೆಟ್ ಎತ್ತಿ ನೋಡುತ್ತೇನೆ. ಎರಡು ನಿಮಿಷದ ಕೆಲಸ. ಡಬ್ಬಿಯಲ್ಲಿನ ಕೂಲಂಟ್ ಎರಡು ಗೆರೆಗಳ ನಡುವೆ ಇದ್ದರೆ ಸರಿ. ಅಂಗಳದಲ್ಲಿ ಹನಿ ಕಂಡರೆ ಬಣ್ಣ ನೋಡುತ್ತೇನೆ. ಬರೀ ನೀರಾದರೆ ಅದು ಎಸಿಯದು, ಚಿಂತೆಯಿಲ್ಲ. ಹಸಿರು, ಗುಲಾಬಿ, ಕಿತ್ತಳೆ ಬಣ್ಣದ ಅಂಟು ಹನಿಯಾದರೆ ಆ ದಿನ ಕಾರು ಎಲ್ಲಿಗೂ ಹೊರಡುವುದಿಲ್ಲ. "ಏನ್ರಿ, ಮೊದಲ ಗ್ಯಾರೇಜಿಗೆ ಫೋನ್ ಮಾಡ್ರಿ" ಎನ್ನುತ್ತೇನೆ. ಮೊದಮೊದಲು ನಕ್ಕವರು ಈಗ ದೂರದ ಊರಿಗೆ ಹೊರಡುವ ಮುಂಚೆ ನನ್ನನ್ನೇ ಕೇಳುತ್ತಾರೆ, "ನೋಡಿದೇನು?" ಎಂದು.

ಹಾಲು ಉಕ್ಕುವ ಮುನ್ನ ಅರಿಯುವ ಮೂಗು, ಸೀಟಿಯ ಸದ್ದಿನಲ್ಲೇ ಬೇಳೆ ಬೆಂದದ್ದು ತಿಳಿಯುವ ಕಿವಿ ನಮ್ಮವು. ಕಾರಿನಲ್ಲಿ ಸಿಹಿ ವಾಸನೆ ಬಂದರೆ, ಹೀಟರ್ ಹಾಕಿದರೂ ತಣ್ಣನೆ ಗಾಳಿ ಬಂದರೆ, ಮುಳ್ಳು ಮೇಲೇರಿದರೆ ಸಂಕೋಚಪಡದೆ ಹೇಳಿರಿ, "ಗಾಡಿ ನಿಲ್ಲಿಸ್ರಿ."

ಕತ್ತರಿಸಿ ಇಟ್ಟುಕೊಳ್ಳಿ

• ವಾರಕ್ಕೊಮ್ಮೆ, ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿ.
• ಅಂಗಳದಲ್ಲಿ ಬಣ್ಣದ ಹನಿ ಕಂಡರೆ ಅಂದೇ ತೋರಿಸಿ.
• ಬಿಸಿ ಎಂಜಿನ್ನಿನ ಮುಚ್ಚಳ ಮುಟ್ಟಬೇಡಿ. ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ.
• ಶಾಖದ ಮುಳ್ಳು ಏರಿದರೆ: ಎಸಿ ಬಂದ್, ಕಿಟಕಿ ಕೆಳಗೆ, ಹೀಟರ್ ಪೂರ್ತಿ, ಗಾಡಿ ಬದಿಗೆ.
• ಸೆರಗು, ಜಡೆ ಫ್ಯಾನಿನಿಂದ ದೂರ.
• ಕೂಲಂಟ್ ಮಕ್ಕಳ ಕೈಗೆ ಎಟುಕದಿರಲಿ.
• ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಬೇಡಿ. ಚಾಲೂ ಕಾರಿನಲ್ಲಿ ಮಲಗಬೇಡಿ.
• ದೂರ ಹೊರಟಾಗ ಐದು ಲೀಟರ್ ಶುದ್ಧ ನೀರು, ದಪ್ಪ ಬಟ್ಟೆ, ಕೊಡೆ ಜೊತೆಗಿರಲಿ.